ಒಂದೇ ಬಲ್ಬು, ಎರಡು ಥರದ ಎಲೆ

ಮೂಡಿಗೆರೆಯ ನಮ್ಮ ಮನೆ ಜಗಲಿಯಲ್ಲಿ ಮದರ್ ಆಫ್ ಥೌಸಂಡ್ಸ್ ಗಿಡದ ನಾಲ್ಕು ಕುಂಡ ಇವೆ. ಎಲೆಯ ಅಂಚಿಗೆ ಸಾಲಾಗಿ ಮರಿ ಬರುತ್ತದಲ್ಲ, ಅದೇ. ಮಳೆಗಾಲದಲ್ಲಿ ಆ ಮರಿಗಳು ಉದುರಿ ಪಕ್ಕದ ಕುಂಡದಲ್ಲೆಲ್ಲ ಹುಟ್ಟಿ, ಕಿತ್ತು ಕಿತ್ತು ಸಾಕಾಗುತ್ತದೆ. ಡಿಸೆಂಬರಿನ ಹೊಸ ಎಲೆಗಳು ಮಾತ್ರ ಬೋಳು. ಚಳಿಗೆ ಹೀಗಾಗಿದೆ ಅಂದುಕೊಂಡಿದ್ದೆ. ಅತ್ತೆ ಅಂತೂ "ಹೆತ್ತವಳಿಗೆ ಸ್ವಲ್ಪ ಬಿಡುವು ಬೇಡ್ವಾ?" ಅಂದರು.

ಓದಿ ನೋಡಿದರೆ, ಮರಿ ಕಟ್ಟಲು ಇದಕ್ಕೆ ಉದ್ದ ಹಗಲು ಬೇಕಂತೆ. ನಮ್ಮಲ್ಲಿ ಜೂನಿನ ಹಗಲು 13 ಗಂಟೆಗೆ ಹತ್ತಿರ, ಡಿಸೆಂಬರಿನದು 11 ಗಂಟೆ 20 ನಿಮಿಷದ ಆಸುಪಾಸು. ಸರಿ, ಎರಡು ಕುಂಡದ ಮೇಲೆ 9 ವ್ಯಾಟಿನ ಎಲ್‌ಇಡಿ ಕಟ್ಟಿ ಸಂಜೆ ಐದೂವರೆಯಿಂದ ರಾತ್ರಿ ಹತ್ತರವರೆಗೆ ಉರಿಸಿದೆ, ಇನ್ನೆರಡನ್ನು ಬಲ್ಬಿನ ಬೆಳಕು ಬೀಳದ ಹಿತ್ತಿಲಲ್ಲಿಟ್ಟೆ. ಚಳಿ ಎರಡಕ್ಕೂ ಒಂದೇ. ಎರಡು ತಿಂಗಳಿಗೆ ಬಲ್ಬಿನಡಿಯ ಹೊಸ ಎಲೆಗಳಲ್ಲಿ ಸಾಸಿವೆಯಷ್ಟು ಮರಿಗಳು, ಹಿತ್ತಿಲಿನವು ಬೋಳೇ.

ಇದರಿಂದ ಉಬ್ಬಿಹೋಗಿ ಬಿಗೋನಿಯಾಗೂ ಅದೇ ಉಪಚಾರ ಮಾಡಿದೆ! ಎಲೆ ಕತ್ತರಿಸಿ, ತೊಟ್ಟಿಗೆ ಬೇರು ಬರಿಸುವ ಪುಡಿ ಹಚ್ಚಿ, ಮರಳಿನಲ್ಲಿಟ್ಟು, ಮೇಲೆ ಬಲ್ಬು. ಬೇರೇನೋ ಗಡ್ಡದ ಹಾಗೆ ಬಂತು. ಚಿಗುರು? ನಾಲ್ಕು ತಿಂಗಳಾದರೂ ಇಲ್ಲ.

ತಪ್ಪು ನನ್ನದೇ. ಆ ಪುಡಿಯಲ್ಲಿರುವುದು ಆಕ್ಸಿನ್ ಎಂಬ ಸಸ್ಯ ಹಾರ್ಮೋನು. ಆಕ್ಸಿನ್ ಜಾಸ್ತಿಯಾದರೆ ಬೇರು, ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಜಾಸ್ತಿಯಾದರೆ ಚಿಗುರಿನ ಮೊಗ್ಗು, ಎರಡರ ಪ್ರಮಾಣವೇ ಮುಖ್ಯ ಅಂತ ಸಸ್ಯವಿಜ್ಞಾನಿಗಳಾದ ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲೇ ತಂಬಾಕಿನ ಅಂಗಾಂಶದಲ್ಲಿ ತೋರಿಸಿದ್ದರು. ಚಳಿಗಾಲದಲ್ಲಿ ಹೂ ಬಿಡುವ ಒಂದು ಬಿಗೋನಿಯಾದ ಎಲೆಗಳ ಮೇಲೆ ನಾರ್ವೆಯ ಸಸ್ಯವಿಜ್ಞಾನಿ ಹೈಡೆ 1960ರ ದಶಕದಲ್ಲಿ ಪ್ರಯೋಗ ಮಾಡಿದಾಗ, ಗಿಡ್ಡ ಹಗಲು ಮತ್ತು ತಂಪಿನಲ್ಲೇ ಚಿಗುರಿನ ಮೊಗ್ಗು ಹೆಚ್ಚು ಬಂದಿತ್ತು. ನಾನು ಮಾಡಿದ್ದು ಪೂರಾ ಉಲ್ಟಾ!

ಕಾಡುಬಸಳೆಯ ಮಾತೇ ಬೇರೆ. ಅದರ ಎಲೆಯಂಚಿನ ಕಚ್ಚುಗಳಲ್ಲಿ ಮೊಗ್ಗು ಮೊದಲೇ ಅಡಗಿ ಕೂತಿರುತ್ತದೆ, ಎಲೆ ಕಿತ್ತರೆ ಸಾಕು, ಚಿಗುರುತ್ತದೆ. ಚಿಕ್ಕಂದಿನಲ್ಲಿ ಪುಸ್ತಕದೊಳಗೆ ಇಟ್ಟು ನೋಡುತ್ತಿದ್ದೆವು, ಅಲ್ವಾ? ಬಿಗೋನಿಯಾ ಪಾಪ, ಮೊಗ್ಗನ್ನು ಹೊಸದಾಗಿ ಹುಟ್ಟಿಸಬೇಕು.

ಮರುವರ್ಷದ ಡಿಸೆಂಬರಿನಲ್ಲಿ ಪುಡಿಯೂ ಇಲ್ಲ, ಬಲ್ಬೂ ಇಲ್ಲ. ಎಲೆಯ ದಪ್ಪ ನರಗಳನ್ನು ಬ್ಲೇಡಿನಿಂದ ಅಲ್ಲಲ್ಲಿ ಸೀಳಿ, ಒದ್ದೆ ಮರಳಿನ ಮೇಲೆ ಮಲಗಿಸಿ, ಪ್ಲಾಸ್ಟಿಕ್ ಮುಚ್ಚಿ ಹಿತ್ತಿಲಲ್ಲಿಟ್ಟೆ. ಏಳನೇ ವಾರಕ್ಕೆ ಐದರಲ್ಲಿ ಮೂರು ಎಲೆ ಚಿಗುರಿದವು. ಹಳೆಯ ಗಡ್ಡದ ಎಲೆಗಳಲ್ಲಿ ಒಂದು ಇನ್ನೂ ಹಸಿರಾಗಿದೆ. ಬಿಸಾಕು ಅಂತಾರೆ ಅತ್ತೆ, ನನಗೆ ಮನಸ್ಸಾಗುತ್ತಿಲ್ಲ.