ಸಂತರನ್ನು ಅರಿಯುವ ಬಗೆ: ಕರಾವಳಿಯ ಚರ್ಚುಗಳಿಗೆ ಹೋಗುವವರಿಗೊಂದು ಕೈಪಿಡಿ

ಪ್ರತಿವರ್ಷ ಜನವರಿಯಲ್ಲಿ ಕಾರ್ಕಳದ ಅತ್ತೂರಿನಲ್ಲಿ ನಡೆಯುವ ಸಂತ ಲಾರೆನ್ಸರ ಮಹೋತ್ಸವಕ್ಕೆ, ಊರವರ ಮಾತಿನಲ್ಲಿ ಸಾಂತ್‌ಮಾರಿಗೆ, ಉಡುಪಿ ಮತ್ತು ದಕ್ಷಿಣ ಕನ್ನಡದ ಎಲ್ಲ ಜಾತಿ ಮತಗಳ ಜನ ಹೋಗುತ್ತಾರೆ. ಹರಕೆ ಹೊತ್ತು, ಮೊಂಬತ್ತಿ ಹಚ್ಚಿ, ಸರದಿಯಲ್ಲಿ ನಿಂತು ಸಂತರ ಪ್ರತಿಮೆಗೆ ನಮಿಸಿ ಬರುವ ಅವರಲ್ಲಿ ಅನೇಕರಿಗೆ ಆ ಸಂತರು ಯಾರು, ಕ್ರೈಸ್ತ ವಿಶ್ವಾಸದಲ್ಲಿ ಅವರ ಸ್ಥಾನವೇನು ಎಂಬುದು ಸ್ಪಷ್ಟವಿರುವುದಿಲ್ಲ. ಕ್ರೈಸ್ತ ಮನೆಗಳಲ್ಲಿ ಹುಟ್ಟಿ ಬೆಳೆದವರಲ್ಲೂ ಈ ವಿಷಯದಲ್ಲಿ ಗೊಂದಲ ಕಡಿಮೆಯಿಲ್ಲ. ಸಂತರನ್ನು ಸರಿಯಾಗಿ ಅರಿಯಲು ಬಯಸುವವರು ಎಲ್ಲಿಂದ ಆರಂಭಿಸಬೇಕು, ಏನನ್ನು ಗಮನಿಸಬೇಕು ಎಂಬುದನ್ನು ನಮ್ಮದೇ ಊರುಗಳ ಉದಾಹರಣೆಗಳೊಂದಿಗೆ ಇಲ್ಲಿ ಹೇಳುತ್ತೇನೆ.

ಮೊದಲು ಮಾಡಬೇಕಾದ ಕೆಲಸವೆಂದರೆ ಪವಾಡಗಳ ಕಥೆಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಆ ವ್ಯಕ್ತಿ ಹೇಗೆ ಬದುಕಿದರು, ಹೇಗೆ ಸತ್ತರು ಎಂದು ಕೇಳುವುದು. ಲಾರೆನ್ಸರು ಮೂರನೆಯ ಶತಮಾನದ ರೋಮಿನಲ್ಲಿ ಡೀಕನ್ ಆಗಿದ್ದರು. ಅಂದರೆ ಧರ್ಮಸಭೆಯ, ಎಂದರೆ ಕ್ರೈಸ್ತ ವಿಶ್ವಾಸಿಗಳ ಸಮುದಾಯದ, ಹಣಕಾಸನ್ನು ನೋಡಿಕೊಂಡು ಬಡವರಿಗೆ ಹಂಚುವ ಹೊಣೆ ಅವರದಾಗಿತ್ತು. 258ರಲ್ಲಿ ಚಕ್ರವರ್ತಿ ವಲೇರಿಯನನ ಆಜ್ಞೆಯಂತೆ ಕ್ರೈಸ್ತ ನಾಯಕರ ಬೇಟೆ ನಡೆದಾಗ ಆಗಸ್ಟ್ 6ರಂದು ಪೋಪ್ ಎರಡನೆಯ ಸಿಕ್ಸ್ತಸರನ್ನು ಕೊಂದರು, ನಾಲ್ಕು ದಿನಗಳ ಬಳಿಕ ಲಾರೆನ್ಸರನ್ನೂ ಕೊಂದರು. ಧರ್ಮಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಗದರಿಸಿದಾಗ ಲಾರೆನ್ಸರು ನಗರದ ಬಡವರನ್ನೂ ಅಂಗವಿಕಲರನ್ನೂ ಒಟ್ಟುಗೂಡಿಸಿ ತಂದು ನಿಲ್ಲಿಸಿ, ಇವರೇ ನಮ್ಮ ಸಂಪತ್ತು ಎಂದರೆಂದು ಪರಂಪರೆ ಹೇಳುತ್ತದೆ. ನಾಲ್ಕನೆಯ ಶತಮಾನದ ಮಿಲಾನಿನ ಬಿಷಪ್ ಸಂತ ಆಂಬ್ರೋಸರ ಬರಹದಲ್ಲೇ ಈ ಪ್ರಸಂಗ ಬರುತ್ತದೆ. ಕಾದ ಕಬ್ಬಿಣದ ಸರಳುಗಳ ಮೇಲೆ ಅವರನ್ನು ಸುಟ್ಟರೆಂಬುದೂ ಪರಂಪರೆಯ ಮಾತೇ, ಶಿರಚ್ಛೇದ ಮಾಡಿರಬೇಕೆಂದು ಹೇಳುವ ಇತಿಹಾಸಕಾರರೂ ಇದ್ದಾರೆ. ಸಾವಿನ ವಿಧಾನ ಯಾವುದೇ ಇರಲಿ, ಹಣ ಕೈಯಲ್ಲಿದ್ದಾಗ ಅದನ್ನು ಬಡವರ ಪಾಲೆಂದು ನಂಬಿದ್ದವರು, ಆ ನಂಬಿಕೆಗಾಗಿ ಪ್ರಾಣ ಕೊಟ್ಟವರು ಎಂಬುದು ಅತ್ತೂರಿನಲ್ಲಿ ನಿಂತವರಿಗೆ ಗೊತ್ತಿರಬೇಕಾದ ಮುಖ್ಯ ವಿಷಯ. ಅಲ್ಲಿನ ಉತ್ಸವ ಜನವರಿಯಲ್ಲಿ ನಡೆದರೂ ವಿಶ್ವ ಧರ್ಮಸಭೆ ಅವರನ್ನು ಸ್ಮರಿಸುವುದು ಆಗಸ್ಟ್ 10ರಂದು, ಅವರು ಮಡಿದ ದಿನ. ಹೆಚ್ಚಿನ ಸಂತರ ಹಬ್ಬಗಳು ಹೀಗೆ ಸಾವಿನ ದಿನಕ್ಕೇ ಬರುತ್ತವೆ, ಏಕೆಂದರೆ ಆ ದಿನವನ್ನು ಸ್ವರ್ಗದ ಜನ್ಮದಿನವೆಂದು ಕ್ರೈಸ್ತರು ತಿಳಿಯುತ್ತಾರೆ.

ಎರಡನೆಯದಾಗಿ, ಪ್ರತಿಮೆಯನ್ನೋ ಚಿತ್ರವನ್ನೋ ನೋಡುವಾಗ ಮುಖದ ಮೇಲಿನಿಂದ ಕಣ್ಣು ಕೆಳಗಿಳಿಸಿ ಕೈಯಲ್ಲಿ ಏನಿದೆ ಎಂದು ನೋಡಿ. ಕೈಯಲ್ಲಿ ತಾಳೆ ಜಾತಿಯ ಮರದ ಗರಿಯಿದ್ದರೆ ಅವರು ವಿಶ್ವಾಸಕ್ಕಾಗಿ ಕೊಲ್ಲಲ್ಪಟ್ಟ ರಕ್ತಸಾಕ್ಷಿಗಳು. ಕಬ್ಬಿಣದ ಸರಳುಗಳ ಚೌಕಟ್ಟು ಜೊತೆಗಿದ್ದರೆ ಲಾರೆನ್ಸರು. ಬೀಗದ ಕೈಗಳಿದ್ದರೆ ಯೇಸುವಿನ ಶಿಷ್ಯ ಪೇತ್ರರು. ಬಿಳಿ ಲಿಲ್ಲಿ ಹೂವು ಶುದ್ಧ ಬದುಕಿನ ಗುರುತು. ಓದು ಬಾರದ ಜನರಿಗೆ ಸಂತರ ಚರಿತ್ರೆಯನ್ನು ತಿಳಿಸಲು ಬೆಳೆದುಬಂದ ಈ ಚಿತ್ರಭಾಷೆಯನ್ನು ಕಲಿಯಲು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗಿಂತ ಉತ್ತಮ ಜಾಗ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಇಟಲಿಯಿಂದ ಬಂದ, ಜೆಸುಯಿಟ್ ಎಂಬ ಸನ್ಯಾಸಿ ಸಭೆಯ ಸಹೋದರ (ಬ್ರದರ್) ಅಂಟೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಗೋಡೆ ಮತ್ತು ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಪ್ರವಾಸಿಗರು ಬಣ್ಣಗಳಿಗೆ ಬೆರಗಾಗಿ ಹತ್ತು ನಿಮಿಷದಲ್ಲಿ ಹೊರಬರುತ್ತಾರೆ. ನೀವು ಹಾಗೆ ಮಾಡದೆ ಒಂದು ಬೆಂಚಿನಲ್ಲಿ ಕುಳಿತು ಮಾಡಿನ ಚಿತ್ರಗಳನ್ನು ಒಂದೊಂದಾಗಿ ನೋಡಿ, ಅಲೋಶಿಯಸ್ ಗೊನ್ಜಾಗರ ಬದುಕು ಅಲ್ಲಿದೆ. 1568ರಲ್ಲಿ ಇಟಲಿಯ ಅರಸುಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿದ ಅವರು ಉತ್ತರಾಧಿಕಾರವನ್ನು ತಮ್ಮನಿಗೆ ಬಿಟ್ಟುಕೊಟ್ಟು ಜೆಸುಯಿಟ್ ಸಭೆಯನ್ನು ಸೇರಿದರು. ರೋಮಿನಲ್ಲಿ ಪಿಡುಗು ಹಬ್ಬಿದಾಗ ಕಾಯಿಲೆಯವರನ್ನು ಎತ್ತಿ ಆರೈಕೆ ಮಾಡುತ್ತಾ ತಾವೇ ಕಾಯಿಲೆ ಬಿದ್ದು 1591ರಲ್ಲಿ, 23ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಸಂತರೆಂದು ಘೋಷಿಸಿದ್ದು 1726ರಲ್ಲಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಇದಕ್ಕೆ ಕಣ್ಣಿಗಿಂತ ಕಿವಿ ಬೇಕು. ಚರ್ಚಿನಲ್ಲಿ ಸಂತರ ಸ್ತುತಿಮಾಲೆಯನ್ನು ಹೇಳುವಾಗ ಎರಡು ಬಗೆಯ ಬಿನ್ನಹಗಳು ಕೇಳಿಸುತ್ತವೆ. ದೇವರನ್ನು ಕರೆದಾಗ ಜನ ‘ನಮ್ಮ ಮೇಲೆ ದಯೆ ತೋರಿ’ ಎನ್ನುತ್ತಾರೆ. ಮರಿಯಮ್ಮನವರಿಂದ ಹಿಡಿದು ಒಬ್ಬೊಬ್ಬ ಸಂತರ ಹೆಸರು ಬಂದಾಗಲೂ ‘ನಮಗಾಗಿ ಪ್ರಾರ್ಥಿಸಿ’ ಎನ್ನುತ್ತಾರೆ, ಕೊಂಕಣಿಯಲ್ಲಿ ‘ಆಮ್ಚೆ ಖಾತಿರ್ ವಿನಂತಿ ಕರ್’. ಕೊಡುವವನು ದೇವರೊಬ್ಬನೇ, ಸಂತರು ನಮ್ಮೊಡನೆ ಮತ್ತು ನಮಗಾಗಿ ಬೇಡುವವರು ಎಂಬ ಕಥೋಲಿಕ ಬೋಧನೆ ಈ ಎರಡು ಸಾಲುಗಳಲ್ಲಿ ಪೂರ್ತಿಯಾಗಿ ಅಡಗಿದೆ. ಕಷ್ಟದಲ್ಲಿರುವಾಗ ನೆರೆಮನೆಯ ಹಿರಿಯರಲ್ಲಿ ‘ನನಗಾಗಿಯೂ ಒಂದು ಪ್ರಾರ್ಥನೆ ಹೇಳಿ’ ಎಂದು ಕೇಳಿಕೊಳ್ಳುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಸಂತರು ಈಗಾಗಲೇ ದೇವರ ಸನ್ನಿಧಿಯಲ್ಲಿದ್ದಾರೆಂಬ ವಿಶ್ವಾಸ ಮಾತ್ರ. ಆದುದರಿಂದ ಪ್ರತಿಮೆಯ ಮುಂದೆ ನಿಂತಾಗ ನಿಮ್ಮ ಕೋರಿಕೆಯನ್ನು ಇದೇ ರೂಪದಲ್ಲಿ ಹೇಳಿಕೊಳ್ಳಿ. ಹರಕೆ ಹೇಳಿಕೊಂಡವರು, ಇಷ್ಟು ಕೊಟ್ಟರೆ ಅಷ್ಟು ಸಿಗುತ್ತದೆ ಎಂಬ ವ್ಯಾಪಾರದ ಲೆಕ್ಕಕ್ಕೆ ಅದನ್ನು ಇಳಿಸಬಾರದು; ಅದರಿಂದ ದೇವರಿಗೂ ಅಗೌರವ, ಸಂತರಿಗೂ ಅಗೌರವ.

ಇನ್ನು ಸಂತರೆಂಬ ಘೋಷಣೆಯ ಕುರಿತು. ಧರ್ಮಸಭೆ ಯಾರನ್ನೂ ಸಂತರನ್ನಾಗಿ ಮಾಡುವುದಿಲ್ಲ. ದೇವರ ಕೃಪೆಯಿಂದ ಸಂತರಾಗಿ ಸತ್ತವರನ್ನು ಗುರುತಿಸಿ ಸಾರುತ್ತದೆ. ಈ ಗುರುತಿಸುವಿಕೆಗೆ ಮೆಟ್ಟಿಲುಗಳಿವೆ, ನಮ್ಮ ಕರಾವಳಿಯಲ್ಲಿ ಬಹುತೇಕ ಪ್ರತಿ ಮೆಟ್ಟಿಲಿಗೂ ಉದಾಹರಣೆ ಸಿಗುತ್ತದೆ. ವ್ಯಕ್ತಿ ತೀರಿಕೊಂಡು ಸಾಮಾನ್ಯವಾಗಿ 5 ವರ್ಷಗಳಾದ ಮೇಲೆ ಸ್ಥಳೀಯ ಬಿಷಪರು ವಿಚಾರಣೆ ಆರಂಭಿಸಿದಾಗ ಅವರಿಗೆ ‘ದೇವರ ಸೇವಕ’ ಎಂಬ ಹೆಸರು ಬರುತ್ತದೆ. 1921ರಲ್ಲಿ ಮಂಗಳೂರಿನಲ್ಲಿ ಬೆಥನಿ ಭಗಿನಿಯರ ಸಭೆಯನ್ನು ಸ್ಥಾಪಿಸಿದ ರೇಮಂಡ್ ಮಸ್ಕರೇನ್ಹಸರಿಗೆ ಈ ಹೆಸರು ಬಂದದ್ದು ಹೀಗೆ. ಹೀಗೆ ದೇವರ ಸೇವಕರೆನಿಸಿದವರ ಬರಹಗಳು, ಪತ್ರಗಳು, ಅವರನ್ನು ಕಂಡವರ ಸಾಕ್ಷ್ಯಗಳು ಎಲ್ಲವನ್ನೂ ರೋಮಿನಲ್ಲಿ ಪರಿಶೀಲಿಸಿ, ಆ ವ್ಯಕ್ತಿ ಕ್ರೈಸ್ತ ಸದ್ಗುಣಗಳನ್ನು ವೀರೋಚಿತವಾಗಿ ಬಾಳಿದ್ದಾರೆಂದು ಪೋಪ್ ಒಪ್ಪಿದರೆ ‘ಪೂಜನೀಯ’ರಾಗುತ್ತಾರೆ, ಅಪೊಸ್ತಲಿಕ್ ಕಾರ್ಮೆಲ್ ಎಂಬ ಕನ್ಯಾಸ್ತ್ರೀಯರ ಸಭೆಯ ಸ್ಥಾಪಕಿ ಮದರ್ ವೆರೋನಿಕಾ 2014ರಲ್ಲಿ ಈ ಹಂತ ತಲುಪಿದರು. ಪೂಜನೀಯರಾದವರ ಪ್ರಾರ್ಥನೆಯಿಂದ ನಡೆದ ಒಂದು ಪವಾಡ ರುಜುವಾತಾದರೆ ‘ಧನ್ಯ’ರು, ಬಳಿಕ ಇನ್ನೊಂದು ರುಜುವಾತಾದರೆ ಸಂತರು. ರಕ್ತಸಾಕ್ಷಿಗಳಿಗೆ ಮೊದಲ ಪವಾಡದ ಅಗತ್ಯವಿಲ್ಲ. ಪವಾಡವೆಂದರೆ ಹೆಚ್ಚಾಗಿ ರೋಗ ಗುಣವಾದ ಪ್ರಸಂಗ. ಅದು ತಕ್ಷಣವೇ, ಸಂಪೂರ್ಣವಾಗಿ, ಮತ್ತೆ ಮರುಕಳಿಸದಂತೆ ಗುಣವಾಗಿದೆಯೇ, ವೈದ್ಯಶಾಸ್ತ್ರದಿಂದ ಅದಕ್ಕೆ ವಿವರಣೆ ಸಿಗುತ್ತದೆಯೇ ಎಂಬುದನ್ನು ಮೊದಲು ವೈದ್ಯರ ಮಂಡಳಿ, ಆಮೇಲೆ ದೇವಶಾಸ್ತ್ರಜ್ಞರು ಪರೀಕ್ಷಿಸುತ್ತಾರೆ. ಬದುಕಿನ ಪರಿಶೀಲನೆ ಮುಗಿದ ಮೇಲೆಯೇ ಪವಾಡದ ಸರದಿ ಬರುತ್ತದೆ ಎಂಬ ಈ ಕ್ರಮವನ್ನು ಗಮನಿಸಿ. ಓದುಗರೂ ಇದೇ ಕ್ರಮ ಅನುಸರಿಸಲಿ ಎಂದೇ ನಾನು ಆರಂಭದಲ್ಲಿ ಪವಾಡಗಳನ್ನು ಬದಿಗಿಡಲು ಹೇಳಿದ್ದು.

ಮಂಗಳೂರಿನ ಹತ್ತಿರದ ಮುಡಿಪುವಿನ ಪುಣ್ಯಕ್ಷೇತ್ರಕ್ಕೆ ಹೋಗುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಅಲ್ಲಿ ಸ್ಮರಿಸಲ್ಪಡುವ ಜೋಸೆಫ್ ವಾಜ್ 1651ರಲ್ಲಿ ಗೋವೆಯಲ್ಲಿ ಹುಟ್ಟಿ, 1681ರಿಂದ ಕೆಲವು ವರ್ಷ ನಮ್ಮ ಕೆನರಾದಲ್ಲಿ ಧರ್ಮಗುರುವಾಗಿ ದುಡಿದು, 1687ರಲ್ಲಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಡಚ್ಚರ ಕಣ್ಣು ತಪ್ಪಿಸಿ ಬಡವನ ವೇಷದಲ್ಲಿ ಶ್ರೀಲಂಕೆಗೆ ಹೋದರು. ಕ್ಯಾಂಡಿಯಲ್ಲಿ ಸಿಡುಬು ಹರಡಿ ಜನ ರೋಗಿಗಳನ್ನು ಬಿಟ್ಟು ಓಡಿದಾಗ ಅವರು ಅಲ್ಲೇ ಉಳಿದು ಶುಶ್ರೂಷೆ ಮಾಡಿದರು. 1711ರಲ್ಲಿ ತೀರಿಕೊಂಡ ಅವರು 1995ರಲ್ಲಿ ಧನ್ಯರಾದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ನಿಯಮವನ್ನು ಸಡಿಲಿಸಿ ಎರಡನೆಯ ಪವಾಡಕ್ಕಾಗಿ ಕಾಯಲಿಲ್ಲ.

ಸಂತರೆಂದರೆ ಬದುಕಿದ್ದಾಗಲೇ ಎಲ್ಲರ ಮನ್ನಣೆ ಪಡೆದವರು ಎಂದು ತಿಳಿದವರು ಮರಿಯಂ ಬವಾರ್ದಿಯವರ ಕಥೆ ಓದಬೇಕು. ಮಂಗಳೂರಿನವರೇ ಅನೇಕರು ಇದನ್ನು ಅರಿಯರೆಂಬುದು ನನಗೆ ನೋವಿನ ಸಂಗತಿ. 1846ರಲ್ಲಿ ಗಲಿಲೇಯದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅನಾಥೆಯಾಗಿ, ಮನೆಗೆಲಸ ಮಾಡಿ ಬದುಕಿ ಫ್ರಾನ್ಸಿನಲ್ಲಿ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರ ಮಠ ಸೇರಿದ ಈ ಅರಬ್ಬಿ ಹೆಣ್ಣುಮಗಳು 1870ರಲ್ಲಿ ಮಂಗಳೂರಿಗೆ ಬಂದು ಇಲ್ಲಿನ ಕಾರ್ಮೆಲ್ ಮಠದ ಆರಂಭದಲ್ಲಿ ಪಾಲುಗೊಂಡರು. 1871ರ ನವೆಂಬರ್ 21ರಂದು ಕನ್ಯಾಸ್ತ್ರೀಯಾಗಿ ವ್ರತವಾಗ್ದಾನ ಮಾಡಿದ್ದೂ ಇಲ್ಲೇ. ಆದರೆ ಅವರ ಆಧ್ಯಾತ್ಮಿಕ ಅನುಭವಗಳ ಬಗ್ಗೆ ಮೇಲಿನವರಿಗೆ ಸಂಶಯ ಹುಟ್ಟಿತು. ಮರುವರ್ಷ ಅವರನ್ನು ಫ್ರಾನ್ಸಿಗೆ ಹಿಂದಕ್ಕೆ ಕಳುಹಿಸಿದರು. ಮುಂದೆ ಬೆತ್ಲೆಹೇಮಿನಲ್ಲಿ ಮಠ ಕಟ್ಟಿಸುತ್ತಿದ್ದಾಗ ಕೆಲಸಗಾರರಿಗೆ ನೀರು ಒಯ್ಯುತ್ತಾ ಬಿದ್ದು ತೋಳು ಮುರಿದು, ಗಾಯ ಕೊಳೆತು 1878ರಲ್ಲಿ ತೀರಿಕೊಂಡರು. 2015ರ ಮೇ 17ರಂದು ಅವರು ಸಂತರಾದರು. ಇಂಥ ಚರಿತ್ರೆಯನ್ನು ಓದುವಾಗ ಸಂಶಯದ, ತಿರಸ್ಕಾರದ ಪುಟಗಳನ್ನು ಹಾರಿಸಬೇಡಿ. ಆ ಪುಟಗಳಲ್ಲಿಯೇ ಅವರ ತಾಳ್ಮೆ ಕಾಣಿಸುತ್ತದೆ.

ಎಲ್ಲ ಕ್ರೈಸ್ತರೂ ಒಂದೇ ರೀತಿ ನಂಬುತ್ತಾರೆಂದು ತಿಳಿಯಬಾರದು. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನ ಪರಂಪರೆಯ ಪ್ರೊಟೆಸ್ಟೆಂಟ್ ಬಂಧುಗಳು ಸಂತರ ಮೊರೆಹೋಗುವುದಿಲ್ಲ. ಕ್ರಿಸ್ತನೊಬ್ಬನೇ ಮಧ್ಯಸ್ಥನೆಂದು ಹೇಳಿ, ಸಂತ ಪೌಲರು ತಮ್ಮ ಪತ್ರಗಳಲ್ಲಿ ವಿಶ್ವಾಸಿಗಳೆಲ್ಲರನ್ನೂ ಸಂತರೆಂದು ಕರೆದಿರುವುದನ್ನು ಎತ್ತಿ ತೋರಿಸುತ್ತಾರೆ. ಕಥೋಲಿಕ ಬೋಧನೆಯೂ ಈ ಎರಡನೆಯ ಮಾತನ್ನು ಅಲ್ಲಗಳೆಯುವುದಿಲ್ಲ. ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ ಧರ್ಮಸಭೆಯ ಕುರಿತ ದಸ್ತಾವೇಜಿನಲ್ಲಿ, ಗುರುಗಳು ಕನ್ಯಾಸ್ತ್ರೀಯರು ಮಾತ್ರವಲ್ಲ, ಸಂಸಾರಸ್ಥರೂ ಕೂಲಿಕಾರರೂ ಪವಿತ್ರತೆಗೆ ಕರೆಯಲ್ಪಟ್ಟವರೆಂದು ಸ್ಪಷ್ಟವಾಗಿ ಹೇಳಿದೆ. ನವೆಂಬರ್ 1ರ ಸಕಲ ಸಂತರ ಹಬ್ಬ ಪಟ್ಟಿಯಲ್ಲಿ ಹೆಸರಿಲ್ಲದ ಅಂಥವರೆಲ್ಲರದ್ದು.

ಮಗುವಿನ ದೀಕ್ಷಾಸ್ನಾನಕ್ಕೆ ಹೆಸರು ಹುಡುಕುತ್ತಿರುವ ತಂದೆತಾಯಿಗಳಿಗೆ ಒಂದು ಮಾತು. ಕೇಳಲು ಚೆಂದವೆಂದು ಹೆಸರನ್ನು ಆರಿಸುವ ಮೊದಲು ಆ ಸಂತರ ಚರಿತ್ರೆಯನ್ನು ಇಬ್ಬರೂ ಕುಳಿತು ಓದಿ. ಹಬ್ಬದ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮಗು ಮಾತು ತಿಳಿಯುವಷ್ಟು ದೊಡ್ಡದಾದ ಮೇಲೆ ಪ್ರತಿವರ್ಷ ಆ ದಿನ ಬಲಿಪೂಜೆಗೆ ಕರೆದೊಯ್ದು, ಊಟದ ಹೊತ್ತಿಗೆ ಸಂತರ ಬದುಕಿನ ಒಂದು ಪ್ರಸಂಗವನ್ನು ಹೇಳಿ. ಪ್ರಸಂಗ ಆರಿಸುವಾಗ ಮಗು ತಾನೂ ಮಾಡಬಹುದಾದ ಒಂದು ಕೆಲಸ ಅದರಲ್ಲಿರಲಿ.