ಮರಿ ಇಲಿಯ ಮಿದುಳಲ್ಲಿ ಸಿಕ್ಕ ಗಿಡ್ಡ ಬ್ಯಾಂಡ್

ಇಲಿಯ ಮಿದುಳು ಬೆಳೆಯುವಾಗ ಮ್ಯಾಪ್-2 ಪ್ರೋಟೀನ್ ಹೇಗೆ ಬದಲಾಗುತ್ತದೆ ಅಂತ ವೆಸ್ಟರ್ನ್ ಬ್ಲಾಟ್ ಮಾಡುತ್ತಿದ್ದೆ. ಅಂದರೆ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್ ಹಾಳೆಗೆ ದಾಟಿಸಿ, ಬೇಕಾದದ್ದನ್ನು ಆಂಟಿಬಾಡಿ ಅಂಟಿಸಿ ಗೆರೆಯಾಗಿ (ಬ್ಯಾಂಡ್) ನೋಡುವುದು. ನರಕೋಶಗಳೊಳಗೆ ಮೈಕ್ರೋಟ್ಯೂಬ್ಯೂಲ್ ಅನ್ನೋ ಸಣ್ಣ ಕೊಳವೆಗಳಿವೆಯಲ್ಲ, ಅವಕ್ಕೆ ಅಂಟಿಕೊಂಡು ಬಿಗಿಯಾಗಿ ನಿಲ್ಲಿಸುವುದು ಇದರ ಕೆಲಸ. ದೊಡ್ಡ ಇಲಿಯಲ್ಲಿ ಬ್ಯಾಂಡ್ 280 ಕಿಲೊಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಬಂತು. 5 ದಿನದ ಮರಿಯಲ್ಲಿ ಅದರ ಜೊತೆಗೆ 70ರ ಆಸುಪಾಸಿನಲ್ಲಿ ಇನ್ನೊಂದು ದಪ್ಪ ಬ್ಯಾಂಡ್.

ಸ್ಯಾಂಪಲ್ ಹಾಳಾಯಿತು ಅಂದುಕೊಂಡೆ. ಕ್ಯಾಲ್ಪೇನ್ ಎಂಬ ಕಿಣ್ವ ಮ್ಯಾಪ್-2ವನ್ನು ಕತ್ತರಿಸುವುದು ಗೊತ್ತೇ ಇತ್ತು. ಐಸ್ ಹೆಚ್ಚಿಸಿದೆ, ಕ್ಯಾಲ್ಪೇನ್‌ಗೆ ಬೇಕಾದ ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಹಾಕಿದೆ, ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ಪ್ರೋಟಿಯೇಸ್ ಇನ್ಹಿಬಿಟರ್ ಸುರಿದೆ. ಕೊನೆಗೆ ಅಂಗಾಂಶವನ್ನು ಕಿಣ್ವಗಳನ್ನು ಕೂಡಲೇ ಕೆಲಸ ನಿಲ್ಲಿಸುವ, ಕುದಿಯುವ ಎಸ್‌ಡಿಎಸ್ (ಒಂದು ಡಿಟರ್ಜೆಂಟ್) ಬಫರ್‌ಗೇ ನೇರವಾಗಿ ಹಾಕಿದೆ. ಬ್ಯಾಂಡ್ ಜಗ್ಗಲಿಲ್ಲ.

ಆಗ ಫಿಲ್ಮನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದೆ. ಪ್ರೋಟೀನ್ ತುಂಡಾಗಿದ್ದರೆ ಮಧ್ಯದಲ್ಲಿ ಚೂರುಪಾರು, ಮಸಿ ಎಳೆದಂಥ ಕಲೆ ಇರಬೇಕಿತ್ತು, ಅಲ್ವಾ? ಇಲ್ಲಿ ಒಂದೇ ಗೆರೆ, ಅಂಚು ಶುದ್ಧ. ಅದೇ ದಿನ ಅದೇ ಬಫರ್‌ನಲ್ಲಿ ಅರೆದ ದೊಡ್ಡ ಇಲಿಯ ಸ್ಯಾಂಪಲ್‌ನಲ್ಲಿ ಅದರ ಸುಳಿವೂ ಇಲ್ಲ.

ಅದು ಮ್ಯಾಪ್-2ಸಿ. ಜೀನ್ ಒಂದೇ, ಆದರೆ ಎಳೆ ಮಿದುಳಿನಲ್ಲಿ ಆರ್‌ಎನ್‌ಎ ಹೊಲಿಯುವಾಗ ಮಧ್ಯದ ದೊಡ್ಡ ಭಾಗವನ್ನು ಬಿಟ್ಟುಬಿಡುತ್ತದೆ. ಎರಡು ತುದಿಗಳೂ ಹಾಗೇ ಉಳಿಯುತ್ತವೆ. ನನ್ನ ಆಂಟಿಬಾಡಿ ಅಂಟುತ್ತಿದ್ದದ್ದು ತುದಿಗೆ! ಮಧ್ಯಭಾಗವನ್ನು ಮಾತ್ರ ಗುರುತಿಸುವ ಇನ್ನೊಂದು ಆಂಟಿಬಾಡಿ ಹಾಕಿದಾಗ ಗಿಡ್ಡ ಬ್ಯಾಂಡ್ ಮಾಯ. 5, 10, 15, 20 ದಿನಗಳ ಮರಿಗಳ ಸ್ಯಾಂಪಲ್‌ಗಳನ್ನು ಒಂದೇ ಜೆಲ್‌ನಲ್ಲಿ ಸಾಲಾಗಿ ಓಡಿಸಿದೆ. ಗಿಡ್ಡ ಬ್ಯಾಂಡ್ 10ನೇ ದಿನದ ತನಕ ಗಟ್ಟಿಯಾಗಿದ್ದದ್ದು 20ಕ್ಕೆ ಮಸುಕಾಗಿತ್ತು.

ಮ್ಯಾಪ್-2ವನ್ನು ಬೇರ್ಪಡಿಸಲು ಒಂದು ಸುಲಭದ ಉಪಾಯವೂ ಇದೆ. ಉಪ್ಪು, ಮರ್ಕ್ಯಾಪ್ಟೋಎಥನಾಲ್ ಸೇರಿಸಿ ಐದು ನಿಮಿಷ ಕುದಿಸಿದರೆ ಬಹುತೇಕ ಪ್ರೋಟೀನ್‌ಗಳು ಗಟ್ಟಿಯಾಗಿ ಕೆಳಗೆ ಕೂರುತ್ತವೆ. ಮ್ಯಾಪ್-2, ಮೈಕ್ರೋಟ್ಯೂಬ್ಯೂಲ್‌ಗೆ ಅಂಟುವ ಇನ್ನೊಂದು ಪ್ರೋಟೀನ್ ಟೌ, ಇಂಥ ಕೆಲವು ಮಾತ್ರ ಮೇಲಿನ ತಿಳಿಯಲ್ಲೇ ಇರುತ್ತವೆ. ಟೌ ಕೂಡ ಇದೇ ಆಟ ಆಡುತ್ತದೆ, ಮರಿಯಲ್ಲಿ ಗಿಡ್ಡ, ದೊಡ್ಡದರಲ್ಲಿ ಉದ್ದ.

ಇನ್ನೊಂದು ಪೆಟ್ಟು ಲೋಡಿಂಗ್ ಕಂಟ್ರೋಲ್‌ನಲ್ಲಿ (ಎಲ್ಲ ಸ್ಯಾಂಪಲ್‌ನಲ್ಲೂ ಸಮ ಪ್ರೋಟೀನ್ ಹಾಕಿದ್ದೇವೆ ಅಂತ ತೋರಿಸಲು ನೋಡುವ ಪ್ರೋಟೀನ್) ಬಿತ್ತು. ಸುಮ್ನೆ ಅಭ್ಯಾಸಬಲದಿಂದ ಮೈಕ್ರೋಟ್ಯೂಬ್ಯೂಲ್‌ನದೇ ಪ್ರೋಟೀನ್ ಆದ ಬೀಟಾ-3 ಟ್ಯೂಬ್ಯುಲಿನ್ ಹಾಕಿದ್ದೆ. ಮಿದುಳು ಬೆಳೆದಂತೆ ಅದರ ಪ್ರಮಾಣವೇ ಬದಲಾಗುತ್ತದೆ, ಕಂಟ್ರೋಲ್ ಹೇಗಾದೀತು? ಕುದಿಸಿದ ತಿಳಿಯಲ್ಲಂತೂ ಟ್ಯೂಬ್ಯುಲಿನ್ ಉಳಿಯುವುದೇ ಇಲ್ಲ. ಈಗ ಕುದಿಸುವ ಮೊದಲೇ ಒಟ್ಟು ಪ್ರೋಟೀನ್ ಅಳೆದು ಸಮ ಮಾಡಿಕೊಳ್ಳುತ್ತೇನೆ. ಬ್ಲಾಟ್ ಆದಮೇಲೆ ಎಲ್ಲ ಪ್ರೋಟೀನ್‌ಗಳನ್ನೂ ತೋರಿಸುವ ಪಾನ್ಸೋ ಬಣ್ಣ ಹಾಕಿ ಇಡೀ ಮೆಂಬ್ರೇನ್ ನೋಡುತ್ತೇನೆ. 280ರ ಬ್ಯಾಂಡ್ ಸರಿಯಾಗಿ ದಾಟಲಿ ಅಂತ 6 ಪರ್ಸೆಂಟ್ ಜೆಲ್, ರಾತ್ರಿಯಿಡೀ ಕೋಲ್ಡ್ ರೂಮಿನಲ್ಲಿ ಟ್ರಾನ್ಸ್‌ಫರ್. ಟ್ರಾನ್ಸ್‌ಫರ್ ಬಫರ್‌ನಲ್ಲಿ ಮೆಥನಾಲ್ ಮಾತ್ರ ಕಡಿಮೆ.