ದಾನದ ಚೆಕ್ ಆಮೇಲೆ, ಮೊದಲು ಬಾಕಿ ಬಿಲ್ ಕಟ್ಟಿ

ಕಂಪನಿ ಸ್ವಲ್ಪ ಬೆಳೆಯಿತು ಅಂದ ಕೂಡಲೇ ಮೀಟಿಂಗಿನಲ್ಲಿ ಯಾರಾದರೊಬ್ಬರು "ನಾವೂ ಸಿಎಸ್‌ಆರ್ ಮಾಡೋಣ" ಅಂತಾರೆ, ಅಂದರೆ ಕಂಪನಿಯ ಸಾಮಾಜಿಕ ಜವಾಬ್ದಾರಿಯ ಕೆಲಸ. ಮುಂದಿನ ವಾರ ಗಿಡ ನೆಡುವ ಫೋಟೊ ಬರುತ್ತದೆ, ಎಲ್ಲರದೂ ಒಂದೇ ಬಣ್ಣದ ಟೀ ಶರ್ಟ್. ಆ ಗಿಡಕ್ಕೆ ಆಮೇಲೆ ನೀರು ಹಾಕೋರು ಯಾರು ಅಂತ ಯಾರೂ ಕೇಳುವುದಿಲ್ಲ. ಅದೇ ಹೊತ್ತಿಗೆ, ಆ ಕಂಪನಿಗೆ ಪ್ಯಾಕಿಂಗ್ ಡಬ್ಬ ಮಾಡಿಕೊಡುವ ಸಣ್ಣ ಘಟಕದವರು ನಾಲ್ಕು ತಿಂಗಳ ಹಳೆಯ ಬಿಲ್ಲಿಗೆ ಫೋನ್ ಮಾಡ್ತಾನೇ ಇರುತ್ತಾರೆ.

ನನ್ನ ಲೆಕ್ಕದಲ್ಲಿ ಜವಾಬ್ದಾರಿ ಶುರುವಾಗುವುದು ಹಣ ಗಳಿಸುವ ಜಾಗದಲ್ಲೇ. ದಾನದ ಮಾತು ಅದಾದ ಮೇಲೆ. "ವ್ಯಾಪಾರದ ಕೆಲಸ ಲಾಭ ಮಾಡೋದು ಅಷ್ಟೇ" ಅನ್ನುವವರು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದ ಲೇಖನವನ್ನು ಮುಂದಿಡುತ್ತಾರೆ. ಆಟದ ನಿಯಮ ಮೀರಬಾರದು, ಮೋಸ ವಂಚನೆ ಇರಬಾರದು ಅಂತ ಅದರಲ್ಲೇ ಇದೆ. ಆ ಸಾಲು ಮಾತ್ರ ಯಾರಿಗೂ ನೆನಪಿರುವುದಿಲ್ಲ!

ಸರಿ, ಶುರು ಮಾಡುವುದು ಹೇಗೆ? ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಕೆಲಸದಿಂದ ಯಾರ್‍ಯಾರಿಗೆ ತೊಂದರೆ ಆಗಬಹುದು ಅಂತ ಬರೆಯಿರಿ. ಕೆಲಸಗಾರರು, ಕೊಳ್ಳುವವರು, ಸರಕು ಕೊಡುವವರು, ಪಕ್ಕದಲ್ಲಿ ವಾಸ ಇರುವವರು, ನಿಮ್ಮ ಕಸ ಎತ್ತುವವರು. ಇದನ್ನು ಎಸಿ ರೂಮಿನಲ್ಲಿ ಕೂತು ತುಂಬಿಸಬೇಡಿ. ಹೋಗಿ ಕೇಳಿ. ಗುತ್ತಿಗೆ ಮೇಲೆ ಬರುವ ಸೆಕ್ಯುರಿಟಿಯವರನ್ನು, ಕ್ಲೀನಿಂಗ್‌ನವರನ್ನು ಮೊದಲು ಕೇಳಿ, ಯಾಕಂದರೆ ಅವರ ಸಂಬಳ ಎಷ್ಟು ತಡವಾಗಿ ಬರುತ್ತದೆ ಅನ್ನುವುದು ನಿಮ್ಮ ಎಚ್‌ಆರ್‌ಗೇ ಗೊತ್ತಿರುವುದಿಲ್ಲ. ವಿಶ್ವಸಂಸ್ಥೆ 2011ರಲ್ಲಿ ಒಪ್ಪಿಕೊಂಡ ವ್ಯಾಪಾರ ಮತ್ತು ಮಾನವ ಹಕ್ಕುಗಳ ಮಾರ್ಗಸೂಚಿಯ ತಿರುಳೂ ಇಷ್ಟೇ. ನಿಮ್ಮಿಂದ, ನಿಮಗೆ ಸರಕು ಕೊಡುವವರಿಂದ ಯಾರಿಗೆ ಪೆಟ್ಟಾಗುತ್ತಿದೆ ಹುಡುಕಿ, ನಿಲ್ಲಿಸಿ, ಆಗಿಹೋಗಿದ್ದರೆ ಸರಿಪಡಿಸಿ, ಏನು ಮಾಡಿದಿರಿ ಅಂತ ಹೇಳಿ.

ಆಮೇಲೆ ನೇರವಾಗಿ ಟಾರ್ಗೆಟ್‌ಗಳಿಗೆ ಬನ್ನಿ. ನೀತಿ ಸಂಹಿತೆಗಿಂತ ಮೊದಲು ಇದು. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಕತೆ 2016ರಲ್ಲಿ ದೊಡ್ಡ ಸುದ್ದಿಯಾಯಿತು. ಮಾರಾಟದ ಟಾರ್ಗೆಟ್ ಮುಟ್ಟಲಾಗದೆ ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದ ಹಾಗೆ ಅವರ ಹೆಸರಲ್ಲಿ ಖಾತೆ ತೆರೆಯುತ್ತಿದ್ದರು. ಕೆಲವೇ ವರ್ಷಗಳಲ್ಲಿ ಸುಮಾರು 5,300 ಜನ ಕೆಲಸ ಕಳೆದುಕೊಂಡರು, ಆ ವರ್ಷವೇ ಬ್ಯಾಂಕ್ 18.5 ಕೋಟಿ ಡಾಲರ್ ದಂಡ ಕಟ್ಟಿತು. ಅಷ್ಟೂ ಜನ ಹುಟ್ಟಾ ಕಳ್ಳರು ಅಂತ ನನಗಂತೂ ಅನ್ನಿಸುವುದಿಲ್ಲ. ಆದ್ದರಿಂದ ಪ್ರತಿ ಟಾರ್ಗೆಟ್ ಮುಂದೆ ಕೂತು ಒಂದೇ ಪ್ರಶ್ನೆ ಕೇಳಿ: ಇದನ್ನು ಮುಟ್ಟೋಕೆ ಅತಿ ಸುಲಭದ ಕಳ್ಳದಾರಿ ಯಾವುದು? ಐದು ನಿಮಿಷದಲ್ಲಿ ನಿಮಗೆ ಹೊಳೆದರೆ, ಕೆಲಸ ಉಳಿಸಿಕೊಳ್ಳಬೇಕಾದವರಿಗೆ ಅದು ಯಾವತ್ತೋ ಹೊಳೆದಿರುತ್ತದೆ. ಟಾರ್ಗೆಟ್ ಬದಲಿಸಿ, ಇಲ್ಲವಾದರೆ ಆ ದಾರಿಗೆ ಬೇಲಿ ಹಾಕಿ.

ನೀತಿ ಸಂಹಿತೆ ಬೇಕು, ಆದರೆ ಎರಡು ಪುಟ ಸಾಕು. ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಸಂಹಿತೆ 64 ಪುಟ ಇತ್ತು, ಆದರೂ ಲೆಕ್ಕದ ವಂಚನೆ ಬಯಲಾಗಿ 2001ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ಎದ್ದಿತು. "ಪ್ರಾಮಾಣಿಕತೆಯೇ ನಮ್ಮ ಉಸಿರು" ಅಂತೆಲ್ಲ ಬರೆಯಬೇಡಿ, ಸಂದರ್ಭಗಳನ್ನು ಬರೆಯಿರಿ. ಸರಕು ಕೊಡುವವರು ಹಬ್ಬಕ್ಕೆ ಉಡುಗೊರೆ ಕಳಿಸಿದರೆ ಏನು ಮಾಡಬೇಕು? ತಮ್ಮನ ಕಂಪನಿಗೆ ಆರ್ಡರ್ ಕೊಡಬಹುದಾ? ಫೈಲು ಬೇಗ ಮುಂದೆ ಹೋಗಲಿ ಅಂತ ಯಾರದಾದರೂ ಕೈ ಬಿಸಿ ಮಾಡಬೇಕಾಗಿ ಬಂದರೆ ಯಾರಿಗೆ ಫೋನ್ ಮಾಡಬೇಕು? ನಾನು ಹಿಂದೆ ಇದ್ದ ಒಂದು ಕಡೆ "ದುಬಾರಿ ಉಡುಗೊರೆ ಬೇಡ" ಅಂತ ನಿಯಮ ಇತ್ತು. ಯಾವುದು ದುಬಾರಿ ಅನ್ನುವುದು ಅವರವರ ಸಂಬಳದ ಮೇಲೆ ಬದಲಾಗುತ್ತಿತ್ತು, ಮೇಲಿನವರಿಗೆ ಏನೂ ದುಬಾರಿ ಅನ್ನಿಸುತ್ತಲೇ ಇರಲಿಲ್ಲ. ಹಾಗಾಗಿ ಒಂದು ಮೊತ್ತ ಬರೆಯಿರಿ. ಅದಕ್ಕಿಂತ ಜಾಸ್ತಿ ಆದರೆ ವಾಪಸ್. ಕಡಿಮೆ ಆದರೂ ರಿಜಿಸ್ಟರಿನಲ್ಲಿ ಬರೆಯಬೇಕು. ನಗದು ಯಾವತ್ತೂ ಬೇಡ. ಮಾಲೀಕರಿಗೂ ಇದೇ ನಿಯಮ.

ಈಗ ಎಲ್ಲಕ್ಕಿಂತ ಕಷ್ಟದ್ದು. ಕೆಟ್ಟ ಸುದ್ದಿ ಮೇಲಕ್ಕೆ ಬರುವ ದಾರಿ ಮಾಡುವುದು.

ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ 2013ರ ಏಪ್ರಿಲ್ 24ರಂದು ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಬಿರುಕು ಕಾಣಿಸಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕ್ ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತ್ತು, ಮರುದಿನ ಬಾಗಿಲು ತೆರೆಯಲಿಲ್ಲ. ಗಾರ್ಮೆಂಟ್ಸ್ ಕೆಲಸದವರನ್ನು ಮಾತ್ರ ಒಳಗೆ ಕಳಿಸಿದರು. ವಿಷಯ ಎಲ್ಲರಿಗೂ ಗೊತ್ತಿತ್ತು, ಆದರೆ "ನಾನು ಒಳಗೆ ಬರಲ್ಲ" ಅನ್ನುವ ಸ್ಥಿತಿಯಲ್ಲಿ ಆ ಕೆಲಸಗಾರರು ಇರಲಿಲ್ಲ. ನಿಮ್ಮಲ್ಲಿ ಅಪಾಯ ಕಂಡವರು ಕೆಲಸ ನಿಲ್ಲಿಸಬಹುದಾ, ಆ ದಿನದ ಕೂಲಿ ಕಡಿತ ಆಗದ ಹಾಗೆ? ಇಲ್ಲ ಅಂದರೆ ಈ ಗೈಡಿನಲ್ಲಿ ಮುಂದಕ್ಕೆ ಹೋಗಬೇಡಿ, ಮೊದಲು ಅದನ್ನು ಸರಿ ಮಾಡಿ.

ದೂರು ಕೊಡೋಕೆ ಎರಡು ದಾರಿ ಇರಲಿ, ಅದರಲ್ಲಿ ಒಂದು ನೇರ ಬಾಸ್ ಮೂಲಕ ಹಾದುಹೋಗಬಾರದು. ಹೆಸರು ಹೇಳದೆಯೂ ದೂರು ಕೊಡುವಂತಿರಲಿ. ದೂರು ಪೆಟ್ಟಿಗೆಯನ್ನು ಸರಿಯಾಗಿ ಸಿಸಿಟಿವಿ ಕೆಳಗೇ ತಗುಲಿಹಾಕಿದ್ದನ್ನು ನಾನು ನೋಡಿದ್ದೇನೆ, ಅದರೊಳಗೆ ಜೇಡ ಬಿಟ್ಟರೆ ಏನೂ ಇರಲಿಲ್ಲ. ವಂಚನೆ ತನಿಖೆ ಮಾಡುವವರ ಅಂತರರಾಷ್ಟ್ರೀಯ ಸಂಘವೊಂದು ಎರಡು ವರ್ಷಕ್ಕೊಮ್ಮೆ ವರದಿ ತರುತ್ತದೆ. ಇತ್ತೀಚಿನ ವರದಿಗಳ ಪ್ರಕಾರ 40%ಕ್ಕೂ ಹೆಚ್ಚು ವಂಚನೆಗಳು ಬಯಲಾಗುವುದು ಯಾರೋ ಕೊಟ್ಟ ಸುಳಿವಿನಿಂದ. ಆಡಿಟ್ ಅದರ ಹತ್ತಿರಕ್ಕೂ ಬರುವುದಿಲ್ಲ. ದೂರು ಕೊಟ್ಟವರ ಮುಂದಿನ ಬಡ್ತಿ, ವರ್ಗಾವಣೆ ಏನಾಯಿತು ಅಂತ ಒಂದು ವರ್ಷ ಗಮನಿಸಿ. ಸೇಡು ಅಲ್ಲೇ ಸದ್ದಿಲ್ಲದೆ ನಡೆಯುತ್ತದೆ.

ಸರಕು ಕೊಡುವವರ ವಿಷಯ. ಹೇಳಿದ ದಿನ ಹಣ ಕೊಡಿ, ಅಷ್ಟೇ. ಬಾಕಿ ಬಿಲ್ಲುಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ ಪ್ರತಿ ತಿಂಗಳು ನೋಡಿ. ಇನ್ನೊಂದು ಮಾತು, ನೀವು ಕೊನೇ ಗಳಿಗೆಯಲ್ಲಿ ಆರ್ಡರ್ ದುಪ್ಪಟ್ಟು ಮಾಡಿ "ಶುಕ್ರವಾರಕ್ಕೇ ಬೇಕು" ಅಂದರೆ ಅಲ್ಲಿ ಯಾರೋ ರಾತ್ರಿಯೆಲ್ಲಾ ಮಷಿನ್ ಮುಂದೆ ಕೂರುತ್ತಾರೆ, ಆಮೇಲೆ ನೀವೇ ಹೋಗಿ ಅವರ ಓವರ್‌ಟೈಮ್ ರಿಜಿಸ್ಟರ್ ತಪಾಸಣೆ ಮಾಡಿದರೆ ಅದು ನಾಟಕ ಅಲ್ವಾ?

ಇಷ್ಟೆಲ್ಲ ಆದ ಮೇಲೆ ಸಮಾಜಕ್ಕೆ ಕೊಡುವ ಮಾತು. ನಿಮಗೆ ಗೊತ್ತಿರುವ ಕೆಲಸಕ್ಕೆ ಹತ್ತಿರದ್ದನ್ನು ಆರಿಸಿ. ಸಾಗಣೆ ಕಂಪನಿ ಆದರೆ ರಸ್ತೆ ಸುರಕ್ಷತೆ, ಬಣ್ಣದ ಕಾರ್ಖಾನೆ ಆದರೆ ನೀರು. ಹತ್ತು ಕಡೆ ಚೂರುಚೂರು ಹಂಚುವುದಕ್ಕಿಂತ ಒಂದೇ ಕಡೆ ಕನಿಷ್ಠ ಮೂರು ವರ್ಷ ಇರಿ. ಏನು ಬೇಕು ಅಂತ ಪಡೆಯುವವರನ್ನೇ ಕೇಳಿ, ಸುಮ್ನೆ ಹೋಗಿ ಕಂಪ್ಯೂಟರ್ ಇಟ್ಟು ಬರಬೇಡಿ. ರಿಪೇರಿ ಖರ್ಚನ್ನು ಮೊದಲ ದಿನವೇ ಲೆಕ್ಕಕ್ಕೆ ಹಾಕಿ. ಸಿಬ್ಬಂದಿಯ ಭಾನುವಾರ ಕಿತ್ತುಕೊಂಡು ಅದಕ್ಕೆ ಸ್ವಯಂಸೇವೆ ಅಂತ ಹೆಸರಿಡಬೇಡಿ.

ಕೊನೆಗೆ ವರದಿ. ಐಎಸ್ಒ 26000 ಅಂತ 2010ರಲ್ಲಿ ಬಂದ, ಸಾಮಾಜಿಕ ಜವಾಬ್ದಾರಿ ಕುರಿತ ಅಂತರರಾಷ್ಟ್ರೀಯ ಮಾನದಂಡ ಇದೆ, ಓದಲು ಒಳ್ಳೆಯದು. ಆದರೆ ಅದು ಬರೀ ಮಾರ್ಗದರ್ಶಿ, ಅದಕ್ಕೆ ಸರ್ಟಿಫಿಕೇಟ್ ಇಲ್ಲ. ಕೊಡಿಸುತ್ತೇವೆ ಅಂತ ಯಾರಾದರೂ ಬಂದರೆ ಬಾಗಿಲು ತೋರಿಸಿ. "ಪರಿಸರ ಸ್ನೇಹಿ" ಅನ್ನುವ ಪದ ಬರೆಯುವ ಕೈಯನ್ನು ತಡೆದುಕೊಳ್ಳಿ. ಯಾವ ವರ್ಷಕ್ಕೆ ಹೋಲಿಸಿ ಎಷ್ಟು ನೀರು, ಎಷ್ಟು ವಿದ್ಯುತ್ ಕಡಿಮೆ ಆಯಿತು, ಅದನ್ನು ಬರೆಯಿರಿ. ಆಗದೇ ಹೋದದ್ದಕ್ಕೂ ಒಂದು ಪುಟ ಇರಲಿ. ಅಚ್ಚಿಗೆ ಕಳಿಸುವ ಮೊದಲು ಕರಡನ್ನು ಆ ಮೊದಲ ಹಾಳೆಯಲ್ಲಿ ಹೆಸರಿದ್ದ ಇಬ್ಬರಿಗಾದರೂ ಓದಲು ಕೊಡಿ. ಅವರು ಎಲ್ಲಿ ನಗುತ್ತಾರೋ ಆ ಪ್ಯಾರಾ ತೆಗೆದುಹಾಕಿ.